ಎಲ್ಲ ತಪ್ಪೂ ನನ್ನದೇ

ಕ್ಷಮೆ ಕೇಳುವುದೆಂದರೆ ದೊಡ್ಡಮ್ಮನಿಗೆ ನೀರು ಕುಡಿದಷ್ಟು ಸಲೀಸು. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ "ಅಯ್ಯೋ, ನಾನೇ ಅಡ್ಡ ಇಟ್ಟಿದ್ದೆ" ಎನ್ನುವವಳು ಅವಳೇ. ಮನೆಗೆ ಬಂದವರು ಗಡದ್ದಾಗಿ ಉಂಡು ತೇಗಿ ಎದ್ದರೂ "ಏನೂ ಸರಿಯಾಗಿ ಮಾಡೋಕೇ ಆಗ್ಲಿಲ್ಲ, ತಪ್ಪು ತಿಳ್ಕೋಬೇಡಿ" ಎಂದು ಬಾಗಿಲ ತನಕ ಹೋಗಿ ಹೇಳುತ್ತಾಳೆ. ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡಾಗ "ನಾನಾದ್ರೂ ಜೊತೆಗಿರಬೇಕಿತ್ತು, ತಪ್ಪೆಲ್ಲ ನಂದೇ" ಎಂದು ಕಣ್ಣೊರೆಸಿಕೊಂಡಿದ್ದಳು; ಆಕೆ ಬಿದ್ದ ದಿನ ದೊಡ್ಡಮ್ಮ ಊರಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು. ಇದರಲ್ಲಿ ನಾಟಕವೇನೂ ಇಲ್ಲ ಸ್ವಾಮಿ. ನಾವೆಲ್ಲ ಹೀಗೇ ತಾನೆ? ತಪ್ಪು ನನ್ನದು ಅಂತ ನಾನನ್ನಬೇಕು, "ಛೆ ಛೆ, ನಿಮ್ಮದೇನು ತಪ್ಪು" ಅಂತ ನೀವನ್ನಬೇಕು, ಅಲ್ಲಿಗೆ ಇಬ್ಬರ ಮನಸ್ಸೂ ಹಗುರಾಗಬೇಕು. ಆ ಎರಡನೇ ಮಾತು ಎದುರಿಗಿರುವವರಿಗೆ ಗೊತ್ತೇ ಇಲ್ಲದಿದ್ದರೆ ಏನು ಗತಿ ಎಂದು ದೊಡ್ಡಮ್ಮ ಯಾವತ್ತೂ ಯೋಚಿಸಿರಲಿಲ್ಲ.

ಅವಳ ಕೆಲಸ ಮಕ್ಕಳನ್ನು ನೋಡಿಕೊಳ್ಳುವುದು. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಗ್ಗೆ ತಂದು ಬಿಟ್ಟು ಸಂಜೆ ಕರೆದೊಯ್ಯುವ ಡೇಕೇರ್ ಅದು. ನೆಲಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ನುಣುಪಾದ ನೆಲ, ಗೋಡೆಗುಂಟ ಆಟಿಕೆಗಳ ಕಪಾಟು, ಪಕ್ಕದಲ್ಲಿ ಪುಟ್ಟ ಪುಟ್ಟ ಬೇಸಿನ್ನುಗಳ ತೊಳೆಯುವ ಕೋಣೆ. ತಂಗಿಯ ಮಗಳು ಚಿಕ್ಕವಳಿದ್ದಾಗ ಅಲ್ಲೇ ಆಡಿ ಬೆಳೆದವಳು. ಅವಳು "ದೊಡ್ಡಮ್ಮಾ" ಎಂದು ಕಿರುಚುವುದನ್ನು ಕೇಳಿ ಉಳಿದ ಮಕ್ಕಳೂ ಹಾಗೇ ಕಿರುಚಲು ಶುರು ಮಾಡಿದವು. ಯಾವ್ಯಾವ ಭಾಷೆಯ ಮನೆಯ ಮಕ್ಕಳೋ, ಬಾಯಿಗೆ ಬಂದ ಹಾಗೆ ದೊದ್ದಮ್ಮ, ದೊಡಮಾ ಅನ್ನುತ್ತವೆ. ಕೊನೆಗೆ ಮೇಲ್ವಿಚಾರಕಿಗೂ ಅದೇ ರೂಢಿಯಾಯಿತು. ಗಂಡ ತೀರಿಕೊಂಡ ಮೇಲೆ ಈ ಪರದೇಶಕ್ಕೆ ಬಂದು ತಂಗಿಯ ಮನೆ ಸೇರಿದ ದೊಡ್ಡಮ್ಮನಿಗೆ ಸ್ವಂತ ಮಕ್ಕಳಿಲ್ಲ. ಆದರೆ ಅವಳ ತೊಡೆಯ ಮೇಲೆ ನಿದ್ದೆ ಮಾಡಿದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಬೀದಿ ಸಾಲದು.

ಮಾತಿಗೆ ಹೇಗೋ ನಡೆಯುತ್ತಿತ್ತು. ಬರವಣಿಗೆ ಮಾತ್ರ ಇಂಗ್ಲಿಷು. ಮಗು ಏನು ತಿಂತು, ಎಷ್ಟು ಮಲಗಿತು, ಏನು ಆಡಿತು ಎಂದು ದಿನಾ ಸಂಜೆ ತಂದೆತಾಯಿಯ ಫೋನಿಗೆ ಒಂದು ಚೀಟಿ ಹೋಗಬೇಕು. ಮೊದಲೆಲ್ಲ ಮೇಲ್ವಿಚಾರಕಿ ಬರೆಯುತ್ತಿದ್ದಳು. ಆಮೇಲೆ ಮೇಲಿನ ಕಚೇರಿಯಿಂದ ಹೊಸ ನಿಯಮ ಬಂತು: ಮಗುವನ್ನು ಯಾರು ನೋಡಿಕೊಂಡರೋ ಅವರೇ ಬರೆಯಬೇಕು. ದೊಡ್ಡಮ್ಮ ಅಂದೇ ಹಳೆಯ ಇಂಗ್ಲಿಷ್ ನಿಘಂಟು ಹುಡುಕಿ ತೆಗೆದಳು.

ಕೈ ಹಿಡಿದವಳು ತಂಗಿಯ ಮಗಳು. ಅವಳಿಗೆ ವಿಮೆ ಕಂಪನಿಯ ದೂರು ವಿಭಾಗದಲ್ಲಿ ಕೆಲಸ. ಬೈದು ಬರೆದವರಿಗೆ, ಕಂಪನಿಯ ಮೈಗೆ ಒಂದು ಹನಿಯೂ ಅಂಟದಂತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದೇ ಅವಳ ಉದ್ಯೋಗ. ಮನೆಯಲ್ಲಿ ಅವಳಿಗೆ ಲಾಯರಮ್ಮ ಅಂತ ಹೆಸರು.

"ಇದೇನಿದು ದೊಡ್ಡಮ್ಮ? 'ತಾವೂ ಮನೆಯವರೆಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ' ಅಂತ ಶುರು ಮಾಡಿದೀಯ. ಬೆಳಗ್ಗೆ ತಾನೆ ಅವರ ಮುಖ ನೋಡಿದೀಯಲ್ಲ!"

"ಕುಶಲ ವಿಚಾರಿಸದೆ ಒಂದೇ ಸಲಕ್ಕೆ 'ನಿಮ್ಮ ಮಗು ಕಕ್ಕ ಮಾಡ್ತು' ಅಂತ ಹೇಗೆ ಬರೆಯೋದೇ? ಮರ್ಯಾದೆ ಬೇಡ್ವಾ?"

"ಅವರಿಗೆ ಬೇಕಾಗಿರೋದೇ ಕಕ್ಕದ ಸುದ್ದಿ. ಮೊದಲು ಅದನ್ನ ಬರಿ. ಕೊನೆಗೆ ಇದೇನು? 'ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ'?"

"ದಿನಾ ಹಾಗೇ ಮುಗಿಸ್ತೀನಪ್ಪ."

ದಿನಾ ಹಾಗೆ ಮುಗಿಸಿದ್ದರ ಫಲ ಏನಾಗಿತ್ತೆಂದರೆ, ಒಬ್ಬ ಅಪ್ಪ ಮಾರನೇ ಬೆಳಗ್ಗೆ ಏದುಸಿರು ಬಿಡುತ್ತಾ ಬಂದು ಮಗುವಿನ ಅಂಗಿ ಬಿಚ್ಚಿಸಿ, ಹಿಂದೆ ಮುಂದೆ ತಿರುಗಿಸಿ, ಎಲ್ಲಿ ಪೆಟ್ಟಾಗಿದೆ ಎಂದು ಹುಡುಕಿದ್ದ. ಲಾಯರಮ್ಮ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ ಹೇಳಿದಳು: "ನೋಡು, ಇಲ್ಲಿನ ಜನ ಬರೆದದ್ದನ್ನ ಬರೆದ ಹಾಗೇ ನಂಬ್ತಾರೆ. ನೀನು ತಪ್ಪಾಯ್ತು ಅಂದ್ರೆ ಎಲ್ಲೋ ಒಂದು ತಪ್ಪು ನಡೆದಿದೆ ಅಂತ ಹುಡುಕ್ತಾರೆ. ಆದ್ರೆ ಅವರು ತಮ್ಮ ಸಿಟ್ಟನ್ನ ಮಾತ್ರ ಬರೆದ ಹಾಗೆ ಬರೆಯಲ್ಲ. 'ಸ್ವಲ್ಪ ಆಶ್ಚರ್ಯವಾಯಿತು' ಅಂದ್ರೆ ಮೈಯೆಲ್ಲ ಉರೀತಿದೆ ಅಂತ ತಿಳ್ಕೋ."

"ಒಳ್ಳೇ ಜನ ಕಣೇ" ಎಂದಳು ದೊಡ್ಡಮ್ಮ. ಆದರೂ ಕಲಿತಳು. ಕಕ್ಕ ಮೊದಲು, ಊಟ ಆಮೇಲೆ, ನಿದ್ದೆ ಆಮೇಲೆ. ಬರಬರುತ್ತಾ ಅವಳ ಚೀಟಿಗಳಿಗೆ ಒಂದು ರುಚಿಯೂ ಬಂತು. "ಇಂದು ಗೋಡೆಯ ಕಡೆ ನೋಡಿ ಎರಡು ಸಲ ನಕ್ಕಳು, ಕಾರಣ ಕೇಳಿದರೆ ಹೇಳಲಿಲ್ಲ" ಎಂಬಂಥ ಸಾಲುಗಳನ್ನು ತಾಯಂದಿರು ಕಚೇರಿಯಲ್ಲಿ ಓದಿ ನಗುತ್ತಿದ್ದರಂತೆ. ಮೇಲ್ವಿಚಾರಕಿ ಹಾಗೆಂದು ಹೇಳಿದ ದಿನ ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ.

ಹೀಗೆ ಎಲ್ಲ ನೆಟ್ಟಗಿರುವಾಗಲೇ ಚೂಟಿ ಬಿದ್ದಳು.

ಚೂಟಿ ಅಂದರೆ ಮೂರು ತುಂಬಿದ ಒಂದು ಹೆಣ್ಣುಮಗು. ದೊಡ್ಡಮ್ಮನೇ ಇಟ್ಟ ಹೆಸರು. ಒಂದು ಕಡೆ ಕೂತಿದ್ದನ್ನು ಯಾರೂ ಕಂಡಿಲ್ಲ. ಅಂದು ಮಧ್ಯಾಹ್ನ ಎಳೆಕೂಸೊಂದು ಕುಡಿದ ಹಾಲನ್ನೆಲ್ಲ ಕಕ್ಕಿಕೊಂಡಿತು. ದೊಡ್ಡಮ್ಮ ಅದನ್ನೆತ್ತಿಕೊಂಡು ತೊಳೆಯುವ ಕೋಣೆಗೆ ಓಡಿದಳು. ಕೋಣೆಯಲ್ಲಿ ಉಳಿದವಳು ಹೊಸದಾಗಿ ಸೇರಿದ ಹುಡುಗಿ. ಅವಳು ಆಚೆ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಇನ್ನೊಂದು ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ಧಡ್ ಅಂತ ಸದ್ದಾಯಿತು. ದೊಡ್ಡಮ್ಮ ಕೂಸನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ ಒದ್ದೆ ಕೈಯಲ್ಲೇ ಓಡಿ ಬಂದರೆ ಚೂಟಿ ಕಪಾಟಿನ ಬುಡದಲ್ಲಿ ಬಿದ್ದಿದ್ದಾಳೆ, ಗದ್ದ ಬಿರಿದು ರಕ್ತ ಸುರಿಯುತ್ತಿದೆ. ಮಗು ಅಳುವುದನ್ನೂ ಮರೆತು ಬಾಯಿ ತೆರೆದುಕೊಂಡು ನೋಡುತ್ತಿತ್ತು. ದೊಡ್ಡಮ್ಮನ ಕೈ ತನ್ನ ಕೆಲಸ ತಾನು ಮಾಡಿತು: ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿತು, ಮಗುವನ್ನು ಎದೆಗವಚಿಕೊಂಡಿತು. ಮೇಲ್ವಿಚಾರಕಿ ಫೋನ್ ಮಾಡಿದಳು. ತಾಯಿ ಹತ್ತಿರದ ಕಚೇರಿಯಿಂದ ಓಡಿ ಬಂದಳು, ಯಾರ ಮಾತನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಹೋದಳು. ಗದ್ದಕ್ಕೆ ಹೊಲಿಗೆ ಬಿತ್ತು.

ಸಂಜೆ ಚೀಟಿ ಬರೆಯುವ ಹೊತ್ತು. ದೊಡ್ಡಮ್ಮ ಆ ದಿನ ಲಾಯರಮ್ಮನಿಗೆ ತೋರಿಸಲಿಲ್ಲ, ಕಲಿತದ್ದೂ ನೆನಪಿರಲಿಲ್ಲ. ಹೊಟ್ಟೆಯೊಳಗಿನ ಸಂಕಟವೆಲ್ಲ ಇಂಗ್ಲಿಷಾಗಿ ಹರಿಯಿತು. "ನನ್ನಿಂದಲೇ ನಿಮ್ಮ ಮಗುವಿಗೆ ನೋವಾಯಿತು. ಎಲ್ಲ ತಪ್ಪೂ ನನ್ನದೇ. ನನ್ನಂಥವಳ ಕೈಗೆ ಮಗುವನ್ನು ಕೊಡಬಾರದಿತ್ತು. ದಯವಿಟ್ಟು ನನ್ನನ್ನು ಕ್ಷಮಿಸಿ." ಇಷ್ಟೇ. ಕಳಿಸಿದ ಮೇಲೆ ಮನಸ್ಸು ಒಂದಿಷ್ಟು ಹಗುರಾಯಿತು. ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಆ ತಾಯಿ ಈಗ "ಹಾಗೆಲ್ಲ ಅನ್ನಬೇಡಿ, ಮಕ್ಕಳು ಬೀಳುವುದು ಸಹಜ" ಎಂದು ಬರೆಯುತ್ತಾಳೆ, ಆಮೇಲೆ ತಾನು ಮಗು ಹೇಗಿದೆ ಎಂದು ಕೇಳಬಹುದು. ಉತ್ತರ ಬರಲಿಲ್ಲ. ಪಾಪ, ಮಗುವಿನ ಹತ್ತಿರ ಕೂತಿರಬೇಕು ಅಂದುಕೊಂಡಳು.

ಬೆಳಗ್ಗೆ ಕೆಲಸಕ್ಕೆ ಹೋದರೆ ಮೇಲ್ವಿಚಾರಕಿ ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಕೆಟ್ಟ ಹೆಂಗಸಲ್ಲ ಅವಳು. ಆದರೆ ಮುಖ ಬಿಳಿಚಿಕೊಂಡಿತ್ತು.

"ದೊಡ್ಡಮ್ಮ, ನಿಮ್ಮ ಕೈಯಾರೆ ಏನು ಬರೆದುಕೊಟ್ಟಿದ್ದೀರಿ ಗೊತ್ತಾ? ಆ ತಾಯಿ ಅದನ್ನ ಹಾಗೇ ಮೇಲಿನ ಕಚೇರಿಗೆ ಕಳಿಸಿದ್ದಾಳೆ. 'ನನ್ನಿಂದಲೇ ನೋವಾಯಿತು' ಅಂದ್ರೆ ಏನು ಮಾಡಿದರು, ತಳ್ಳಿದರಾ, ಹೊಡೆದರಾ ಅಂತ ಕೇಳಿದ್ದಾಳೆ."

"ಅಯ್ಯೋ ಶಿವನೇ! ನಾನು ಹೊಡೆಯೋದಾ?"

"ನನಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲವಲ್ಲ. ವಿಚಾರಣೆ ಮುಗಿಯೋ ತನಕ ನೀವು ಮಕ್ಕಳನ್ನ ಮುಟ್ಟೋ ಹಾಗಿಲ್ಲ. ತಪ್ಪು ಅಂತ ತೀರ್ಮಾನವಾಗಿ ವಿಷಯ ಪರವಾನಗಿ ಮಂಡಳಿಗೆ ಹೋದ್ರೆ ನಿಮ್ಮ ಪರವಾನಗಿ ಹೋಗುತ್ತೆ. ಆಮೇಲೆ ಇಲ್ಲಿ ಅಂತಲ್ಲ, ಎಲ್ಲೂ ಮಕ್ಕಳ ಕೆಲಸಕ್ಕೆ ತಗೊಳ್ಳೋದಿಲ್ಲ. ಏನು ನಡೀತು ಅಂತ ಒಂದು ಹೇಳಿಕೆ ಬರೆದು ತನ್ನಿ. ಯೋಚನೆ ಮಾಡಿ ಬರೀರಿ."

ಅವತ್ತಿನಿಂದ ದೊಡ್ಡಮ್ಮನಿಗೆ ಬಟ್ಟೆ ಕೋಣೆಯ ಕೆಲಸ. ಮಕ್ಕಳ ಹಾಸಿಗೆಯ ಪುಟ್ಟ ಹೊದಿಕೆಗಳನ್ನು ಮಡಿಸುವುದು, ಏಪ್ರನ್ನುಗಳಿಗೆ ಗುಂಡಿ ಹಾಕುವುದು. ಗೋಡೆಯಾಚೆ ಮಕ್ಕಳ ಗಲಾಟೆ. ಮಲಗುವ ಹೊತ್ತಿಗೆ ಯಾವುದೋ ಮಗು "ದೊದ್ದಮ್ಮಾ" ಎಂದು ರಾಗ ಎಳೆಯಿತು. ದೊಡ್ಡಮ್ಮ ಎದ್ದು ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಮಗು ಕರೆದೂ ಕರೆದೂ ಸುಮ್ಮನಾಯಿತು. ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಅಡುಗೆಮನೆಯ ಮೇಜಿನ ಮುಂದೆ ಲಾಯರಮ್ಮ ಕೂತಳು. ಮೊದಲು ಚೀಟಿ ಓದಿದಳು. ಬೈಯುತ್ತಾಳೆ ಅಂತ ದೊಡ್ಡಮ್ಮ ತಲೆ ತಗ್ಗಿಸಿದ್ದರೆ, ಹುಡುಗಿ ಬೈಯಲಿಲ್ಲ. ಹಣೆ ಒತ್ತಿಕೊಂಡು ಕೂತಳು, ಅಷ್ಟೇ. ಆಮೇಲೆ ತಾಯಿ ಬರೆದದ್ದನ್ನು ಓದಿದಳು. ಮೇಲ್ವಿಚಾರಕಿ ಅದರ ಪ್ರತಿ ಕೊಟ್ಟಿದ್ದಳು.

"'ನನಗೆ ಸ್ವಲ್ಪ ಗೊಂದಲವಾಗಿದೆ' ಅಂತ ಬರೆದಿದಾಳೆ. ಬೆಂಕಿ ಆಗಿದಾಳೆ ದೊಡ್ಡಮ್ಮ."

"ನಾನೇನೇ ಅಂದಿದ್ದು? ಮಗೂಗೆ ಪೆಟ್ಟಾದಾಗ ಎರಡು ಒಳ್ಳೇ ಮಾತು ಆಡಬಾರದಾ?"

"ಅದು ಒಳ್ಳೇ ಮಾತಲ್ಲ, ಸಹಿ. ನೀನು ತಪ್ಪೊಪ್ಪಿಗೆಗೆ ಸಹಿ ಹಾಕಿ ಕೊಟ್ಟಿದೀಯ. ಇರಲಿ, ನಾನು ಬರೀತೀನಿ ಕೇಳು." ಲಾಯರಮ್ಮ ಟಕಟಕ ಬರೆದು ಓದಿ ಅರ್ಥ ಹೇಳಿದಳು. "ಮಗು ಕಪಾಟು ಹತ್ತಿ ಜಾರಿ ಬಿದ್ದಿತು. ಆ ಸಮಯದಲ್ಲಿ ನಾನು ಬೇರೆ ಕೋಣೆಯಲ್ಲಿದ್ದೆ. ಕೂಡಲೇ ಪ್ರಥಮ ಚಿಕಿತ್ಸೆ ನೀಡಲಾಯಿತು. ನಿಯಮಗಳನ್ನೆಲ್ಲ ಪಾಲಿಸಲಾಗಿದೆ."

ದೊಡ್ಡಮ್ಮ ತಲೆಯೆತ್ತಿದಳು. "ಇದು ಮಗುವೋ, ಪಾರ್ಸಲ್ಲೋ?"

"ದೊಡ್ಡಮ್ಮ!"

"ಅಲ್ಲ ಕಣೇ, ಓದಿದರೆ ಹಾಗೇ ಅನಿಸುತ್ತೆ. ಆ ತಾಯಿ ಏನು ಕೇಳಿದಾಳೆ, ಇನ್ನೊಂದ್ಸಲ ಓದು."

ಲಾಯರಮ್ಮ ಕೊನೆಯ ಸಾಲು ಓದಿದಳು. "ಆ ಹೊತ್ತಿನಲ್ಲಿ ನನ್ನ ಮಗಳಿಗೆ ಏನಾಯಿತು ಎಂದು ಯಾರಾದರೂ ನನಗೆ ಹೇಳುತ್ತೀರಾ?"

ದೊಡ್ಡಮ್ಮ ಮೇಜಿನ ಮೇಲಿದ್ದ ಲೋಟವನ್ನು ತಿರುಗಿಸುತ್ತಾ ಕೂತಳು. "ನೋಡು, ಅವಳು ಕೇಳಿದ್ದು ಮಗೂಗೆ ಏನಾಯ್ತು ಅಂತ. ನಾನು ಬರೆದದ್ದು ನಾನು ಕೆಟ್ಟವಳು ಅಂತ. ಅವಳು ಅಲ್ಲಿರಲಿಲ್ಲ, ಒಂದೂ ಗೊತ್ತಿಲ್ಲ. ನಾನು ಹೋಗಿ ನನ್ನ ಸಂಕಟಾನ ಅವಳ ತಲೆಗೆ ಕಟ್ಟಿ, ಸಮಾಧಾನ ಹೇಳು ಅಂತ ಕಾಯ್ತಾ ಕೂತೆ. ನಂದೂ ಸರಿಯಿಲ್ಲ, ನಿಂದೂ ಸರಿಯಿಲ್ಲ. ಅವಳು ಅಲ್ಲೇ ಇದ್ದಿದ್ದರೆ ಏನು ನೋಡ್ತಿದ್ದಳೋ ಅದನ್ನ ಬರೀಬೇಕು."

ಲಾಯರಮ್ಮ ಅವಳ ಮುಖ ನೋಡಿದಳು. "ಸರಿ. ಹಾಗಾದ್ರೆ ಬೆಳಗ್ಗೆಯಿಂದ ಹೇಳು. ನೀನು ನೋಡಿದ್ದು, ನೀನು ಮಾಡಿದ್ದು, ಅಷ್ಟೇ. ಯಾರೋ ಹೇಳಿದ್ದು ಬೇಡ, ಇರಬಹುದು ಅನ್ನೋದು ಬೇಡ."

ದೊಡ್ಡಮ್ಮ ಹೇಳುತ್ತಾ ಹೋದಳು. ಬೆಳಗ್ಗೆ ಚೂಟಿ ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದಳು, ಹಳದಿ ಬಣ್ಣದ್ದು, ಅದರ ಮೇಲೆ ಬಾತುಕೋಳಿ ಚಿತ್ರ. ಬೂಟು ಬಿಚ್ಚಿದವಳೇ ಒಬ್ಬೊಬ್ಬರ ಮುಂದೆಯೂ ಹೋಗಿ ಕಾಲೆತ್ತಿ ತೋರಿಸಿದಳು. ಆಮೇಲೆ ಕೋಣೆಯ ನಡುವೆ ನಿಂತು ಕುಣಿದಳು.

"ಹೊಸ ಕಾಲುಚೀಲನಾ? ನುಣುಪು ನೆಲ. ಹಾಗಾದ್ರೆ ಜಾರಿರುತ್ತೆ ದೊಡ್ಡಮ್ಮ! ಸೇರಿಸು ಅದನ್ನ. ಮನೆಯವರು ಜಾರೋ ಕಾಲುಚೀಲ ಹಾಕಿ ಕಳಿಸಿದ್ದಾರೆ ಅಂತಾದರೆ ನಿನ್ನ ಕೇಸು ಅರ್ಧ ಗೆದ್ದ ಹಾಗೆ."

"ಜಾರಿದ್ದು ನಾನು ನೋಡಿಲ್ಲ. ಈಗ ತಾನೆ ನೀನೇ ಅಂದೆಯಲ್ಲ, ಇರಬಹುದು ಅನ್ನೋದು ಬೇಡ ಅಂತ."

ದೊಡ್ಡಮ್ಮ ಮುಂದುವರಿಸಿದಳು. ಊಟವಾದ ಮೇಲೆ ಮಕ್ಕಳು ಚಿತ್ರ ಬಿಡಿಸಿದರು. ಚೂಟಿ ಬರೆದದ್ದು ಏನು ಅಂತ ದೇವರಿಗೇ ಗೊತ್ತು, ಆದರೆ ತುಂಬ ಕೆಂಪಾಗಿತ್ತು. ಕಪಾಟಿನ ಮೇಲಿನ ಗೋಡೆಗೆ ದೊಡ್ಡಮ್ಮ ಅವನ್ನೆಲ್ಲ ಅಂಟಿಸುತ್ತಿದ್ದಳು. ಆಗ ಕೂಸು ಕಕ್ಕಿಕೊಂಡಿತು.

"ಕಪಾಟಿನ ಮೇಲಿನ ಗೋಡೆಗಾ? ಅಷ್ಟೆತ್ತರಕ್ಕೆ ನಿನ್ನ ಕೈ ಎಟುಕುತ್ತಾ?"

"ಎಲ್ಲಿ ಎಟುಕುತ್ತೇ, ಸ್ಟೂಲ್ ಹಾಕ್ಕೊಂಡು..."

ದೊಡ್ಡಮ್ಮ ಲೋಟವನ್ನು ದೂರ ಸರಿಸಿದಳು.

ಎರಡು ಮೆಟ್ಟಿಲಿನ ಸ್ಟೂಲು. ಬಳಸಿದ ಕೂಡಲೇ ಬೀರುವಿನಲ್ಲಿಟ್ಟು ಬೀಗ ಹಾಕಬೇಕು ಅನ್ನುವುದು ಆ ಕೋಣೆಯ ನಿಯಮ. ಬೀಗದ ಕೈ ಇರುವುದು ದೊಡ್ಡಮ್ಮನ ಸೊಂಟದಲ್ಲಿ. ಕೂಸು ಕಕ್ಕಿದಾಗ ಅವಳು ಅದರ ಮೇಲಿಂದ ಇಳಿದು ಓಡಿದ್ದಳು. ಸ್ಟೂಲು ಕಪಾಟಿಗೆ ಒತ್ತಿಕೊಂಡು ಅಲ್ಲೇ ಇತ್ತು. ಚೂಟಿ ಬಿದ್ದಾಗ ಅವಳ ಮುಷ್ಟಿಯಲ್ಲಿ ಕೆಂಪು ಬಣ್ಣದ ಕಾಗದದ ಚೂರೊಂದಿತ್ತು. ತನ್ನ ಚಿತ್ರವನ್ನು ಮುಟ್ಟಲು ಹತ್ತಿತ್ತು ಮಗು. ತಾಯಿ ಮಗುವನ್ನು ಎತ್ತಿಕೊಂಡು ಹೋದ ಮೇಲೆ ನೆಲ ಒರೆಸುವಾಗ ದೊಡ್ಡಮ್ಮ ಯಾವತ್ತಿನ ಅಭ್ಯಾಸದಂತೆ ಸ್ಟೂಲನ್ನೆತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕೈ ಮಾಡಿದ್ದು ತಲೆಗೆ ಈಗ ಬಂತು.

"ಯಾರಾದ್ರೂ ನೋಡಿದ್ರಾ?" ಲಾಯರಮ್ಮನ ದನಿ ತಗ್ಗಿತ್ತು.

"ಇಲ್ಲ. ಮಗು ತಾನೇ ಕಪಾಟು ಹತ್ತಿತು ಅಂತ ಎಲ್ಲರೂ ಅಂದ್ಕೊಂಡಿದಾರೆ. ಹೊಸ ಹುಡುಗಿ ಇದ್ದೂ ನೋಡ್ಕೊಳ್ಳಲಿಲ್ಲ ಅಂತ ಅವಳಿಗೂ ಬೈದಿದಾರೆ."

"ಹಾಗಾದ್ರೆ..." ಲಾಯರಮ್ಮ ಪೆನ್ನು ಕೆಳಗಿಟ್ಟಳು. "ಮಹರಾಯ್ತಿ, ಇದನ್ನ ಬರೆದ್ರೆ ಮುಗೀತು. ಇಷ್ಟು ಹೊತ್ತು ನಿನ್ನ ಮೇಲೆ ಏನೂ ಇರಲಿಲ್ಲ, ನಿನ್ನ ಬಾಯಿ ಮಾತು ಒಂದೇ. ಇದು ನಿಯಮ ಮುರಿದದ್ದು. ನೀನಾಗಿ ಹೋಗಿ ಕುತ್ತಿಗೆ ಕೊಡಬೇಡ."

ಅಷ್ಟರಲ್ಲಿ ಒಣಗಿದ ಬಟ್ಟೆ ಹೊತ್ತುಕೊಂಡು ಒಳಗೆ ಬಂದ ತಂಗಿ ಇಬ್ಬರ ಮುಖ ನೋಡಿ "ಏನು, ಇಬ್ಬರೂ ದೆವ್ವ ಕಂಡವರ ಹಾಗೆ ಕೂತಿದೀರ?" ಎಂದಳು. ಲಾಯರಮ್ಮ ಹಾಳೆಯನ್ನು ಮಗುಚಿ ಹಾಕಿದಳು. ಅವಳು ಬಟ್ಟೆ ತೆಗೆದುಕೊಂಡು ಹೋದಳು.

ದೊಡ್ಡಮ್ಮನಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಇಷ್ಟು ದಿನ ಬಾಯಲ್ಲಿ ಆಡಿಕೊಂಡು ಬಂದದ್ದಲ್ಲ. ಎಲ್ಲ ತಪ್ಪೂ ನನ್ನದೇ ಎಂದು ಬರೆಯಲು ಒಂದು ನಿಮಿಷವೂ ಬೇಕಾಗಿರಲಿಲ್ಲ; ಎಲ್ಲವೂ ಅಂದರೆ ಯಾವುದೂ ಅಲ್ಲವಲ್ಲ. ಈಗ ಸ್ಟೂಲು ನಾನು ಬಿಟ್ಟೆ ಎಂದು ಬರೆಯಬೇಕೆಂದರೆ ಧೈರ್ಯವೇ ಸಾಲುತ್ತಿಲ್ಲ. ಮಕ್ಕಳಿಲ್ಲದ ಆ ಬಟ್ಟೆ ಕೋಣೆ ಕಣ್ಣಿಗೆ ಕಟ್ಟಿತು. ಭಯವಾಯಿತು, ತುಂಬ ಭಯವಾಯಿತು.

"ನಾಳೆ ಆ ಹೊಸ ಹುಡುಗಿ ಮುಖ ಹೇಗೆ ನೋಡಲೇ ನಾನು?" ಎಂದಳು ಕೊನೆಗೆ. "ಕೊಡು ಪೆನ್ನು. ನಾನೇ ಬರೀತೀನಿ. ನೀನು ಇಂಗ್ಲಿಷ್ ನೋಡು ಸಾಕು."

ಬರೆದಳು. ಕಾಲುಚೀಲ, ಕುಣಿತ, ಕೆಂಪು ಚಿತ್ರ, ಕಕ್ಕಿಕೊಂಡ ಕೂಸು, 'ಸ್ಟೂಲನ್ನು ನಾನು ಅಲ್ಲೇ ಬಿಟ್ಟು ಹೋದೆ', ಸದ್ದು, ರಕ್ತ, ಮುಷ್ಟಿಯಲ್ಲಿದ್ದ ಚೂರು. ಎತ್ತಿಕೊಂಡಾಗ ಮಗು ಮೊದಲು ಅಮ್ಮ ಎಂದದ್ದು, ಆಮೇಲೆ "ನನ್ನ ಚಿತ್ರ ಹರಿದೋಯ್ತಾ" ಎಂದು ಕೇಳಿದ್ದು. ಕೊನೆಗೆ ಒಂದೇ ಒಂದು ಸಾಲು: "ಸ್ಟೂಲನ್ನು ಒಳಗಿಡದೆ ಹೋದದ್ದಕ್ಕೆ ಕ್ಷಮಿಸಿ." ಲಾಯರಮ್ಮ ಅಲ್ಲಲ್ಲಿ ತಿದ್ದುತ್ತಾ ಬಂದವಳು ಆ ಸಾಲಿನ ಹತ್ತಿರ ತಡೆದಳು. ಪೆನ್ನು ಎತ್ತಿದಳು, ಮತ್ತೆ ಇಳಿಸಿದಳು. "ಇದು ಇರಲಿ" ಎಂದಳು.

ವಿಚಾರಣೆ ಮೇಲ್ವಿಚಾರಕಿಯ ಕೋಣೆಯಲ್ಲೇ ನಡೆಯಿತು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಮೇಜಿನಾಚೆ, ಚೂಟಿಯ ತಾಯಿ ಕಿಟಕಿಯ ಪಕ್ಕ. ನೆಟ್ಟಗೆ ಬೆನ್ನು, ಮಡಿಲಲ್ಲಿ ಕೈಚೀಲ, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ದೊಡ್ಡಮ್ಮ ಬಟ್ಟೆ ಕೋಣೆಯ ಏಪ್ರನ್ನಿನಲ್ಲೇ ಬಂದು ನಿಂತಳು. ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಅಧಿಕಾರಿ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಸ್ಟೂಲಿನ ಮಾತು ಬಂದಾಗ ಮೇಲ್ವಿಚಾರಕಿ ತಟ್ಟನೆ ತಲೆಯೆತ್ತಿದಳು. ಚಿತ್ರ ಹರಿದೋಯ್ತಾ ಎಂಬಲ್ಲಿಗೆ ಬಂದಾಗ ಅಧಿಕಾರಿಯ ದನಿಯೇ ಸ್ವಲ್ಪ ತಡವರಿಸಿತು.

"ಚೀಟಿಯಲ್ಲಿ ಎಲ್ಲ ತಪ್ಪೂ ನಿಮ್ಮದು ಎಂದಿದ್ದೀರಿ. ಇದರಲ್ಲಿ ಒಂದೇ ಇದೆ."

"ಒಂದೇ ಸರ್" ಎಂದಳು ದೊಡ್ಡಮ್ಮ. "ಅದು ನಿಜವಾದದ್ದು."

ಅಧಿಕಾರಿ ತಾಯಿಯ ಕಡೆ ತಿರುಗಿದ. ಇದನ್ನು ಪರವಾನಗಿ ಮಂಡಳಿಗೆ ಒಯ್ಯಬೇಕೆಂದು ಆಕೆ ಬಯಸಿದರೆ ಒಯ್ಯಬಹುದು. ಇಲ್ಲವಾದರೆ ಎಚ್ಚರಿಕೆ ಕೊಟ್ಟು ಇಲ್ಲಿಗೇ ಮುಗಿಸಬಹುದು. ತಾಯಿ ಕಾಗದವನ್ನು ಕೊಡಿ ಎಂದು ಕೈ ಚಾಚಿದಳು. "ನನಗೆ ಒಂದು ಸ್ವಲ್ಪ ಸಮಯ ಬೇಕು" ಎಂದು ಹೊರಗೆ ಹೋದಳು. ದೊಡ್ಡಮ್ಮನಿಗೂ ಹೊರಗೆ ಕಾಯಲು ಹೇಳಿದರು.

ಹೊರಗೆ ಇದ್ದದ್ದು ಮಕ್ಕಳು ಬೂಟು ಬಿಚ್ಚುವ ಓಣಿ. ಮೇಲೆ ಸಾಲಾಗಿ ಪುಟ್ಟ ಚೀಲಗಳು ತೂಗುವ ಕೊಕ್ಕೆಗಳು, ಕೆಳಗೆ ಮೊಣಕಾಲೆತ್ತರವೂ ಇಲ್ಲದ ಬೆಂಚು. ಬೇರೆ ಜಾಗವಿಲ್ಲದೆ ಇಬ್ಬರೂ ಅದರ ಎರಡು ತುದಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತರು. ತಾಯಿ ಓದುತ್ತಿದ್ದಳು. ಒಂದು ಕಡೆ ಬಂದು ಅವಳ ಕಣ್ಣು ನಿಂತಿತು. ಮುಂದೆ ಹೋಗಲಿಲ್ಲ.

"ಆ ಕಾಲುಚೀಲ" ಎಂದಳು, ಕಾಗದದ ಮೇಲಿಂದ ಕಣ್ಣೆತ್ತದೆ. "ಬೆಳಗ್ಗೆ ಹಾಕುವಾಗ ಅವಳು ಹೇಳಿದಳು, ಅಮ್ಮ ಜಾರುತ್ತೆ ಅಂತ. ನನಗೆ ಹೊತ್ತಾಗಿತ್ತು. ಏನೂ ಆಗಲ್ಲ ನಡಿ ಅಂದೆ. ಡಾಕ್ಟರು ಹೊಲಿಗೆ ಹಾಕುವಾಗಲೂ ಅವು ಅವಳ ಕಾಲಲ್ಲೇ ಇದ್ದವು. ನಿಮ್ಮ ಮೇಲೆ ದೂರು ಬರೆಯುವಾಗಲೂ ನನಗೆ ಅದು ಗೊತ್ತಿತ್ತು."

ಅವಳ ದನಿ ಒಡೆಯಿತು. "ಛೆ ಛೆ, ನಿಮ್ಮದೇನು ತಪ್ಪು, ತಪ್ಪೆಲ್ಲ ನನ್ನದೇ" ಅನ್ನುವ ಮಾತು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಹುಟ್ಟಿದಾರಭ್ಯ ಆಡಿಕೊಂಡು ಬಂದ ಮಾತು, ತಡೆಯುವುದೆಂದರೆ ಸುಲಭವೇ? ಆದರೂ ತಡೆದಳು. ಆ ಮಾತು ಆಡಿದರೆ ಈ ಹೆಂಗಸು ಕಷ್ಟಪಟ್ಟು ಹೊರಗೆ ಹಾಕಿದ್ದನ್ನು ಮತ್ತೆ ಅವಳ ಬಾಯಿಗೇ ತುರುಕಿದ ಹಾಗಾಗುತ್ತಿತ್ತು. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ತಾನು ಕಂಡದ್ದನ್ನು ಮಾತ್ರ ಹೇಳಿದಳು.

"ಜಾರಿದ್ದು ನಾನು ನೋಡಲಿಲ್ಲ. ಕುಣಿದದ್ದು ನೋಡಿದೆ."

ತಾಯಿ ಮೊದಲ ಸಲ ಅವಳ ಮುಖ ನೋಡಿದಳು. ಕಣ್ಣು ತುಂಬಿತ್ತು. "ಹೇಗೆ ಕುಣಿದಳು?"

ಅದನ್ನು ಹೇಳುವಷ್ಟು ಇಂಗ್ಲಿಷು ದೊಡ್ಡಮ್ಮನ ಹತ್ತಿರ ಎಲ್ಲಿ ಬರಬೇಕು? ಮೊಣಕಾಲು ಹಿಡಿದುಕೊಂಡು ಎದ್ದಳು. ಏಪ್ರನ್ನಿನ ಅಂಚು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಮುಂದೆ ಚಾಚಿ ಬಾತುಕೋಳಿಯನ್ನು ಬಲಕ್ಕೆ ತೋರಿಸಿದಳು, ಇನ್ನೊಂದು ಕಾಲು ಚಾಚಿ ಎಡಕ್ಕೆ ತೋರಿಸಿದಳು, ಆಮೇಲೆ ಸೊಂಟ ಕುಲುಕಿಸಿ ಧಡಧಡ ನಾಲ್ಕು ಹೆಜ್ಜೆ ಕುಪ್ಪಳಿಸಿ ಗಿರ್ರನೆ ಒಂದು ಸುತ್ತು ಸುತ್ತಿದಳು. ಆ ವಯಸ್ಸಿಗೆ, ಆ ಮೈಗೆ, ಆ ಓಣಿಯಲ್ಲಿ! ಕೊಕ್ಕೆಯಲ್ಲಿದ್ದ ಚೀಲಗಳೆಲ್ಲ ತೂಗಾಡಿದವು. ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯುತ್ತಿರಲಿಲ್ಲ.

ಸದ್ದು ಕೇಳಿ ಬಾಗಿಲು ತೆರೆದ ಅಧಿಕಾರಿ ಹೊಸ್ತಿಲಲ್ಲೇ ನಿಂತ. "ತೀರ್ಮಾನ..." ಎಂದ.

"ಮಂಡಳಿ ಬೇಡ. ಎಚ್ಚರಿಕೆ ಕೊಡಿ, ಸಾಕು" ಎಂದಳು ತಾಯಿ, ಅವನ ಕಡೆ ತಿರುಗಿಯೂ ನೋಡದೆ. "ನಾಳೆ ಮಗಳನ್ನು ಕರೆದುಕೊಂಡು ಬರುತ್ತೇನೆ." ಕಣ್ಣೊರೆಸಿಕೊಂಡು, ಬೆಂಚಿನ ಮೇಲೆ ಇನ್ನಷ್ಟು ಮುಂದಕ್ಕೆ ಸರಿದು ಕೂತು ದೊಡ್ಡಮ್ಮನಿಗೆ ಹೇಳಿದಳು:

"ಇನ್ನೊಂದು ಸಲ ತೋರಿಸಿ."